ಬೀದರ್‌ನಿಂದ ಯಾದಗಿರಿಗೆ, ಲಾವಾದ ಮೆಟ್ಟಿಲು ಇಳಿಯುತ್ತಾ

ಹಳೇ ಸ್ಪೀಕರ್ ಬಿಚ್ಚಿದರೆ ಒಳಗೊಂದು ದುಂಡನೆಯ ಅಯಸ್ಕಾಂತ ಸಿಗುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಲಬುರಗಿ ಸುತ್ತಮುತ್ತ ಯಾವುದಾದರೂ ಒಣಗಿದ ಹಳ್ಳದ ಉಸುಕಿನಲ್ಲಿ ಒಂದೆರಡು ಸಲ ಎಳೆಯಿರಿ. ಎತ್ತಿ ನೋಡಿದರೆ ಚೀಲಕ್ಕೆ ಗಡ್ಡ ಬಂದಿರುತ್ತದೆ. ಕರಿ ಪುಡಿ, ಸೂಜಿಸೂಜಿಯಾಗಿ ನೆಟ್ಟಗೆ ನಿಂತಿರುತ್ತದೆ. ಚೀಲ ಸುತ್ತುವುದು ಮರೆಯಬೇಡಿ. ಮರೆತರೆ ಆ ಪುಡಿ ಅಯಸ್ಕಾಂತವನ್ನು ಜನ್ಮಕ್ಕೂ ಬಿಡುವುದಿಲ್ಲ. ಒಂದು ಅಯಸ್ಕಾಂತ ಹಾಳು ಮಾಡಿಕೊಂಡು ನಾನು ಕಲಿತ ಪಾಠ ಇದು.

ಪುಡಿಯ ಹೆಸರು ಮ್ಯಾಗ್ನೆಟೈಟ್. ಕಬ್ಬಿಣದ ಖನಿಜ. ಸುತ್ತಲಿನ ಕರಿಕಲ್ಲನ್ನು ಸವೆಸಿ ಹಳ್ಳ ಅದನ್ನು ತಂದು ಹಾಕಿದೆ. ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಕೆಂಪಗೆ ಹರಿದು ಬಂದ ಲಾವಾ.

ಹೋದ ಸಲ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಟ್ರೆಕ್ಕಿಂಗ್ ಹುಚ್ಚು. ಫೋನಿನಲ್ಲಿ ಯಾವುದೋ ದೇಶದ ಹೊಗೆಯುಗುಳುವ ಬೆಟ್ಟದ ಫೋಟೋ ತೋರಿಸುತ್ತಾ, "ಮಾಮಾ, ನಿಮ್ಮ ಕಡೆ ನಡೆಯೋಕೆ ಗುಡ್ಡಾನೇ ಇಲ್ವಲ್ಲ" ಅಂದ. "ಹೊಗೆ ಇಲ್ಲ ಖರೆ, ಆದ್ರ ನೀ ನಿಂತಿರೋದೇ ಅಂಥದ್ದರ ಮ್ಯಾಲ" ಅಂದೆ. ನಂಬಲಿಲ್ಲ. ಮರುದಿನ ಅಯಸ್ಕಾಂತ ಕೊಟ್ಟು ಹಳ್ಳಕ್ಕೆ ಕರೆದೊಯ್ದೆ. ಅದಾದ ಮೇಲೆ ಮೂರು ದಿನ ಇಬ್ಬರೂ ಬೀದರ್‌ನಿಂದ ಯಾದಗಿರಿವರೆಗೆ ಬಸ್ಸು, ರೈಲು, ನಡಿಗೆ ಎಲ್ಲ ಸೇರಿಸಿ ಓಡಾಡಿದೆವು. ಅವನಿಗೆ ದಾರಿಯುದ್ದಕ್ಕೂ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಓರಣವಾಗಿ ಬರೆಯುತ್ತಿದ್ದೇನೆ.

ಬೆಟ್ಟವಿಲ್ಲದ ಜ್ವಾಲಾಮುಖಿ

ಜ್ವಾಲಾಮುಖಿ ಅಂದ ಕೂಡಲೇ ಕಣ್ಣಿಗೆ ಬರುವುದು ಒಂದೇ ಚಿತ್ರ. ಮೊನಚು ಬೆಟ್ಟ, ತುದಿಯಲ್ಲಿ ಬಾಯಿ, ಬಾಯಿಂದ ಹೊಗೆ. ಒಂದೇ ಜಾಗದಿಂದ ಮತ್ತೆ ಮತ್ತೆ ಉಕ್ಕಿದರೆ ಬೂದಿ, ಲಾವಾ ಎಲ್ಲ ಬಾಯಿಯ ಸುತ್ತಲೇ ಪೇರಿಕೊಂಡು ಅಂಥ ಬೆಟ್ಟ ಆಗುತ್ತದೆ. ನಮ್ಮ ಕಡೆಯ ಕತೆ ಬೇರೆ. ಇಲ್ಲಿ ನೆಲ ಉದ್ದಕ್ಕೆ ಸೀಳಿತು. ಸೀಳುಗಳು ಹೆಚ್ಚಾಗಿ ಇದ್ದದ್ದು ಈಗಿನ ಮಹಾರಾಷ್ಟ್ರದ ಪಶ್ಚಿಮ ಮತ್ತು ಉತ್ತರದ ಕಡೆ. ಅಲ್ಲಿಂದ ಹೊರಬಂದ ಲಾವಾ ತೆಳು. ಪೇರಿಕೊಳ್ಳುವ ಬದಲು ಹರಿದು ಹೋಯಿತು. ಕಣಿವೆ ಇದ್ದಲ್ಲಿ ತುಂಬಿತು, ದಿಣ್ಣೆ ಇದ್ದಲ್ಲಿ ಮುಚ್ಚಿತು, ಕೊನೆಗೆ ಎಲ್ಲ ಸಪಾಟು ಮಾಡಿಬಿಟ್ಟಿತು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕದ ಎರಡೂವರೆ ಪಟ್ಟು. ಅದೇ ಕಾಲದ ಲಾವಾ ಅತ್ತ ರಾಜಮಂಡ್ರಿಯ ಹತ್ತಿರ, ಗೋದಾವರಿ ಸಮುದ್ರ ಸೇರುವ ಕಡೆಯೂ ಸಿಗುತ್ತದೆ.

"ಅಷ್ಟು ದೂರ ಹರಿಯೋ ತನಕ ಆರಿ ಹೋಗಲ್ವಾ?" ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಲಾವಾದ ಬಿಸಿ 1,100 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ, ಆದರೂ ಬಯಲಲ್ಲಿ ಹರಿದರೆ ಬೇಗ ಗಟ್ಟಿಯಾಗಬೇಕು. ಇದಕ್ಕೆ ಉತ್ತರ ಬೆಲ್ಲದ ಗಾಣದಲ್ಲಿದೆ. ಕುದಿಯುವ ಪಾಕವನ್ನು ಕೊಪ್ಪರಿಗೆಯಿಂದ ಬಗ್ಗಿಸಿದಾಗ ನೋಡಿದ್ದೀರಾ? ಮೇಲೆ ತಕ್ಷಣ ಕೆನೆ ಕಟ್ಟುತ್ತದೆ. ಕೆನೆಯ ಕೆಳಗೆ ಪಾಕ ಇನ್ನೂ ಬಿಸಿ, ಇನ್ನೂ ನೀರು ನೀರು. ಅದು ಮುಂದಕ್ಕೆ ನುಗ್ಗಿ ಅಂಚು ಒಡೆದುಕೊಂಡು ಹೊಸ ನಾಲಿಗೆ ಚಾಚುತ್ತದೆ. ಆ ನಾಲಿಗೆಗೂ ಕೆನೆ ಕಟ್ಟುತ್ತದೆ. ಲಾವಾ ಮಾಡಿದ್ದೂ ಇದನ್ನೇ. ಮೇಲಿನ ಕಲ್ಲಿನ ಪದರ ಹೊದಿಕೆಯ ಹಾಗೆ ಬಿಸಿ ಕಾಪಾಡಿತು. ಒಳಗಿನಿಂದ ಹೊಸ ಲಾವಾ ಬರುತ್ತಲೇ ಇದ್ದುದರಿಂದ ಪದರ ಉಬ್ಬುತ್ತಾ ದಪ್ಪವಾಯಿತು. ಹೀಗೆ ಮೆಲ್ಲಗೆ, ನೂರಾರು ಕಿಲೋಮೀಟರ್.

ಇದೆಲ್ಲ ಒಂದೇ ಸಲಕ್ಕೆ ಆದದ್ದಲ್ಲ ಅನ್ನುವುದು ಮುಖ್ಯ. ಒಂದು ಹರಿವು ಬಂತು, ನಿಂತಿತು. ಎಷ್ಟೋ ಕಾಲ ಸುಮ್ನೆ ಇತ್ತು. ಮೇಲೆ ಮಣ್ಣಾಯಿತು, ಗಿಡ ಬೆಳೆಯಿತು, ತಗ್ಗುಗಳಲ್ಲಿ ಕೆರೆ ನಿಂತಿತು. ಆಮೇಲೆ ಇನ್ನೊಂದು ಹರಿವು ಬಂದು ಅದನ್ನೆಲ್ಲ ಮುಚ್ಚಿತು. ಎರಡು ಹರಿವಿನ ನಡುವೆ ಸಿಕ್ಕಿಬಿದ್ದ ಆ ಕೆರೆಯ ಕೆಸರು ಗುರುಮಠಕಲ್ ಕಡೆ ಇವತ್ತಿಗೂ ಕಲ್ಲಾಗಿ ಉಳಿದಿದೆ. ಬೇರೆ ಕಡೆ ಇಂಥ ಪದರಗಳಲ್ಲಿ ಸಿಹಿನೀರಿನ ಬಸವನಹುಳುವಿನ ಚಿಪ್ಪುಗಳು ಸಿಕ್ಕಿವೆ. ಡೈನೋಸಾರ್‌ಗಳು ಅಳಿದದ್ದೂ ಇದೇ ಹೊತ್ತಿಗೆ. ಮೆಕ್ಸಿಕೋದ ಹತ್ತಿರ ಬಿದ್ದ ಉಲ್ಕೆ ಅವನ್ನು ಕೊಂದಿತೋ, ನಮ್ಮ ಲಾವಾದಿಂದ ಎದ್ದ ವಿಷಗಾಳಿಗೂ ಅದರಲ್ಲಿ ಪಾಲಿತ್ತೋ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಉಲ್ಕೆಯ ಕಡೆಗೇ ಜಾಸ್ತಿ ಮಂದಿ ವಾಲಿದ್ದಾರೆ.

ಈ ಪದರಗಳೇ ನಡೆಯುವವರಿಗೆ ಮೆಟ್ಟಿಲು. ಪ್ರತಿ ಹರಿವಿನ ನಡುಭಾಗ ಗಟ್ಟಿ. ಮೇಲ್ಭಾಗ ಗುಳ್ಳೆ ಗುಳ್ಳೆ, ಪೊಳ್ಳು. ಲಾವಾದಲ್ಲಿದ್ದ ಗಾಳಿ ಮೇಲಕ್ಕೆ ಏರಿ ಅಲ್ಲಿ ಸಿಕ್ಕಿಕೊಂಡದ್ದರ ಗುರುತು ಅದು. ಮಳೆ ನೀರು ಪೊಳ್ಳನ್ನು ಬೇಗ ತಿನ್ನುತ್ತದೆ, ಗಟ್ಟಿಯನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಒಂದು ಸಪಾಟು, ಒಂದು ಜಿಗಿತ, ಮತ್ತೊಂದು ಸಪಾಟು. ಈ ಇಡೀ ಕಲ್ಲಿನ ರಾಶಿಗೆ ಡೆಕ್ಕನ್ ಟ್ರ್ಯಾಪ್ ಅಂತ ಹೆಸರು. ಟ್ರ್ಯಾಪ್ ಅಂದರೆ ಇಲ್ಲಿ ಬೋನು ಅಲ್ಲ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗೆ ಟ್ರಪ್ಪಾ ಅನ್ನುತ್ತಾರೆ, ಅದರಿಂದ ಬಂದದ್ದು.

ಬೀದರ್ ಮೇಲಿನಿಂದ ಶುರು ಮಾಡಿ

ನನ್ನ ಮಾತು ಕೇಳಿ, ಯಾತ್ರೆ ಬೀದರ್‌ನಿಂದಲೇ ಶುರುವಾಗಲಿ. ಬೀದರ್ 650 ಮೀಟರಿಗಿಂತ ಎತ್ತರದ ಸಪಾಟಿನ ಮೇಲಿದೆ. ಕಲಬುರಗಿ ಸುಮಾರು 450 ಮೀಟರ್, ಯಾದಗಿರಿ 390ರ ಆಸುಪಾಸು. ಇಳಿಯುತ್ತಾ ಹೋದ ಹಾಗೆ ಕಲ್ಲಿನ ವಯಸ್ಸು ಏರುತ್ತಾ ಹೋಗುತ್ತದೆ. ಇನ್ನೂರು ಕಿಲೋಮೀಟರಿಗಿಂತ ಕಡಿಮೆ ದಾರಿಯಲ್ಲಿ ಸುಮಾರು 250 ಕೋಟಿ ವರ್ಷ ಹಿಂದಕ್ಕೆ ಇಳಿಯಬಹುದು. ಉಲ್ಟಾ ಹೋದರೂ ಆಗುತ್ತದೆ, ಆದರೆ ಏರುವುದಕ್ಕಿಂತ ಇಳಿಯುವುದು ಮೊಣಕಾಲಿಗೂ ತಲೆಗೂ ಸುಲಭ.

ಬೀದರ್‌ನಲ್ಲಿ ಇಳಿದವರಿಗೆ ಮೊದಲು ಕಾಣುವುದು ಕೆಂಪು. ಕೋಟೆ ಕೆಂಪು, ನೆಲ ಕೆಂಪು, ಧೂಳೂ ಕೆಂಪು. ಲಾವಾ ಕರಿ ಅಂದಿರಲ್ಲ, ಇದೇನು? ಇದೂ ಲಾವಾನೇ. ಕೊಳೆತ ಲಾವಾ ಅಂತ ಬೇಕಾದರೆ ಅನ್ನಿ. ಲಾವಾ ಉಕ್ಕಿದಾಗ ನಮ್ಮ ಭೂಖಂಡ ಸಮಭಾಜಕದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ನಡುವೆ, ಈಗಿನ ರಿಯೂನಿಯನ್ ದ್ವೀಪದ ಕಡೆ ಇತ್ತು. ಆಮೇಲೆ ಉತ್ತರಕ್ಕೆ ತೇಲುತ್ತಾ ಮಳೆ ಜಾಸ್ತಿ ಇರುವ ಪಟ್ಟಿಯನ್ನು ದಾಟಿ ಬಂತು. ಬಿಸಿ ಮತ್ತು ಮಳೆ ಎರಡೂ ಸೇರಿದರೆ ಕಲ್ಲಿನಲ್ಲಿರುವ ಸಿಲಿಕಾ ಕರಗಿ ಹೋಗುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಕರಗುವುದಿಲ್ಲ, ಉಳಿಯುತ್ತವೆ. ಕಬ್ಬಿಣ ತುಕ್ಕು ಹಿಡಿದರೆ ಯಾವ ಬಣ್ಣ? ಬೀದರ್ ಕೋಟೆಯ ಬಣ್ಣ. ಇದೇ ಜಂಬಿಟ್ಟಿಗೆ ಕಲ್ಲು.

ಇದರ ಗುಣವೇ ವಿಚಿತ್ರ. ನೆಲದೊಳಗೆ ಇರುವಾಗ ಮೆತ್ತಗಿರುತ್ತದೆ, ಇಟ್ಟಿಗೆ ಕತ್ತರಿಸಿದ ಹಾಗೆ ಕತ್ತರಿಸಿ ತೆಗೆಯಬಹುದು. ಹೊರಗೆ ಗಾಳಿಗೆ ಇಟ್ಟರೆ ಬಿಗಿಯುತ್ತದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ಕಲಬುರಗಿ ಬಿಟ್ಟು ಬೀದರ್‌ಗೆ ರಾಜಧಾನಿ ಒಯ್ದ. ಅವನ ಕಾಲದ ಕೋಟೆಗೆ ಒಂದು ಕಡೆ ಮೂರು ಕಂದಕ. ಕಂದಕಗಳ ನಡುವಿನ ಗೋಡೆಯನ್ನು ಯಾರೂ ಕಟ್ಟಿಲ್ಲ. ಅಕ್ಕಪಕ್ಕ ಕೊರೆದು ತೆಗೆದ ಮೇಲೆ ನಡುವೆ ಉಳಿದ ಬಂಡೆ ಅದು. ಕಂದಕದ ಅಂಚಿಗೆ ನಿಂತು ಕೆಳಗೆ ನೋಡಿ. ಕೆಂಪು ಗೋಡೆಯ ಮೈಯಲ್ಲಿ ಜೇನುಗೂಡಿನ ಹಾಗೆ ತೂತು. ಮಕ್ಕಳು ಅದರಲ್ಲಿ ಬೆರಳು ಹಾಕುತ್ತಾರೆ. ದೊಡ್ಡವರೂ ಹಾಕುತ್ತಾರೆ, ಯಾರೂ ನೋಡದಿದ್ದಾಗ.

ಆ ತೂತುಗಳಲ್ಲೇ ಬೀದರ್‌ನ ನೀರಿನ ಗುಟ್ಟು ಇದೆ. ಮಳೆ ಬಿದ್ದರೆ ಜಂಬಿಟ್ಟಿಗೆ ಸ್ಪಂಜಿನ ಹಾಗೆ ಕುಡಿಯುತ್ತದೆ. ನೀರು ಕೆಳಗೆ ಇಳಿಯುತ್ತಾ ಹೋಗಿ ಒಂದು ಕಡೆ ತಡೆಯುತ್ತದೆ. ಕೆಂಪು ಕಲ್ಲು ಮುಗಿದು ಜೇಡಿಯೂ ಅದರ ಕೆಳಗೆ ಕರಿಕಲ್ಲೂ ಶುರುವಾಗುವ ಜಾಗ ಅದು. ಅಲ್ಲಿಂದ ಅಡ್ಡಕ್ಕೆ ಹರಿದು ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರ್‌ನ ಸುತ್ತ ಎಷ್ಟು ಪುಣ್ಯಕ್ಷೇತ್ರ ಇವೆಯೋ ನೋಡಿ, ಸುಮಾರು ಎಲ್ಲ ಕಡೆ ಒಂದು ನೀರಿನ ಬಾಯಿ ಇದೆ. ಗುರುನಾನಕ್ ಝೀರಾದಲ್ಲಿ ಇದೆ. ಪಾಪನಾಶದಲ್ಲಿ ಇದೆ. ಝರಣಿ ನರಸಿಂಹ ಗುಡಿಯಲ್ಲಂತೂ ಸುರಂಗದೊಳಗೆ ಎದೆಮಟ್ಟದ ನೀರಿನಲ್ಲಿ ನಡೆದೇ ದೇವರ ಹತ್ತಿರ ಹೋಗಬೇಕು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ನಾವು ಹೋದ ದಿನ ಹುಡುಗ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಲೆ ಮೇಲೆ ಹಿಡಿದಿದ್ದ. ಮುಂದಿದ್ದ ಅಜ್ಜಿಯೊಬ್ಬರು ತಿರುಗಿ, "ಕೈ ಮುಗಿಯೋದು ಹ್ಯಾಂಗಪ್ಪಾ ಮತ್ತ?" ಅಂದರು.

ಇದೇ ಗುಟ್ಟನ್ನು ಬಹಮನಿ ಕಾಲದವರು ಎಂಜಿನಿಯರಿಂಗ್ ಮಾಡಿದರು. ನೌಬಾದ್ ಹತ್ತಿರ ಸುರಂಗ ಬಾವಿ ಇದೆ. ಇರಾನಿನ ಕಡೆಯಿಂದ ಬಂದ ವಿದ್ಯೆ, ಅಲ್ಲಿನ ಮಾತಿನಲ್ಲಿ ಕರೇಜ್. ನೆಲದ ಕೆಳಗೆ ಸ್ವಲ್ಪವೇ ಇಳಿಜಾರಾಗಿ ಸುರಂಗ ತೋಡುತ್ತಾರೆ. ಅದು ನೀರು ತಡೆಯುವ ಪದರದ ಮೇಲ್ಗಡೆಯೇ ಸಾಗಬೇಕು. ನಡುನಡುವೆ ಮೇಲಿನಿಂದ ಬಾವಿಯ ಹಾಗೆ ಕಿಂಡಿ. ಮಣ್ಣು ಎತ್ತುವುದಕ್ಕೆ, ಗಾಳಿ ಬೆಳಕಿಗೆ, ಆಮೇಲೆ ನೀರು ಸೇದುವುದಕ್ಕೂ. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರೇ ನೀರನ್ನು ಒಯ್ಯುತ್ತದೆ. ಎಷ್ಟೋ ವರ್ಷ ಕಸ ತುಂಬಿ ಮರೆತು ಹೋಗಿದ್ದ ಜಾಗ ಅದು. ಕಿಂಡಿಯ ಹತ್ತಿರ ಕೂತು ಕೆಳಗೆ ಒಂದು ಸಣ್ಣ ಕಲ್ಲು ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಹಾಕಬೇಡಿ, ಅದನ್ನು ಮತ್ತೆ ಯಾರೋ ಇಳಿದು ಎತ್ತಬೇಕು.

ಬಿದ್ರಿ ಕೆಲಸದವರ ಹತ್ತಿರ ಹೋದರೆ ಈ ನೆಲದ ಇನ್ನೊಂದು ಉಪಯೋಗ ಕಾಣುತ್ತದೆ. ಸತು ಮತ್ತು ತಾಮ್ರ ಬೆರೆಸಿದ ಪಾತ್ರೆಯಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯೊಳಗಿನ ಹಳೇ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಹಾಕುತ್ತಾರೆ. ಲೋಹ ಕರ್ರಗಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕು ಅನ್ನುತ್ತಾರೆ. ಕೆಲಸಗಾರರು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು ಪರೀಕ್ಷೆ ಮಾಡುವುದೂ ಉಂಟು.

ಕರಿ ನೆಲಕ್ಕೆ

ಬೀದರ್‌ನ ಸಪಾಟು ಒಂದು ಬೆನ್ನೆಲುಬು ಇದ್ದ ಹಾಗೆ. ಉತ್ತರಕ್ಕೆ ಬಿದ್ದ ಮಳೆ ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಮುಲ್ಲಾಮಾರಿ, ಕಾಗಿಣಾ, ಭೀಮಾ ದಾಟಿ ಕೃಷ್ಣೆಗೆ. ಹುಮನಾಬಾದ್ ದಾಟಿ ಕಲಬುರಗಿ ಕಡೆ ಬರುವಾಗ ಕಮಲಾಪುರದ ಹತ್ತಿರ ರಸ್ತೆ ಇಳಿಯತೊಡಗುತ್ತದೆ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮರಗುತ್ತಿಯ ಹತ್ತಿರ ಸುರಂಗದಲ್ಲೇ ನುಗ್ಗುತ್ತದೆ. ನಾವು ಬಸ್ಸಿನಲ್ಲಿ ಬಂದೆವು. ರಸ್ತೆಗೆ ಗುಡ್ಡ ಕಡಿದ ಜಾಗದಲ್ಲಿ ಕಿಟಕಿಯಿಂದ ನೋಡಿದರೆ ಪದರಗಳು ಪುಸ್ತಕದ ಹಾಳೆಯ ಹಾಗೆ ಕಾಣುತ್ತವೆ. ಮೇಲೆ ಕೆಂಪು, ಕೆಳಗೆ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತಿರುವ ದುಂಡು ಕಲ್ಲು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಈ ದುಂಡು ಕಲ್ಲನ್ನು ಎಲ್ಲಿಂದಲೋ ಉರುಳಿ ಬಂದದ್ದು ಅಂತ ಎಷ್ಟೋ ಮಂದಿ ತಿಳಿಯುತ್ತಾರೆ. ಅದು ಇದ್ದಲ್ಲೇ ದುಂಡಗಾದದ್ದು. ಕಲ್ಲಿನ ಬಿರುಕಲ್ಲಿ ನೀರು ಇಳಿದು ಮೂಲೆಗಳನ್ನು ಮೊದಲು ತಿನ್ನುತ್ತದೆ. ನಾಲ್ಕೂ ಮೂಲೆ ಹೋದ ಮೇಲೆ ಉಳಿಯುವುದು ಚೆಂಡೇ ಅಲ್ವಾ?

ನಿಜವಾಗಿ ನಡೆಯಬೇಕು ಅನ್ನುವವರಿಗೆ ಚಿಂಚೋಳಿ ಕಾಡು. 2011ರಲ್ಲಿ ವನ್ಯಧಾಮ ಆಯಿತು, ಸುಮಾರು 135 ಚದರ ಕಿಲೋಮೀಟರ್. ಬಿಸಿಲ ನಾಡು ಅಂತ ನಮ್ಮನ್ನು ಬೈಯುವವರು ಸೆಪ್ಟೆಂಬರಿನಲ್ಲಿ ಚಂದ್ರಂಪಳ್ಳಿ ಕೆರೆಯ ದಂಡೆಗೆ ಬಂದು ನಿಂತರೆ ಬಾಯಿ ಮುಚ್ಚುತ್ತಾರೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲೇ ಕೇಳಿಕೊಳ್ಳಿ. ಅಲ್ಲಿನ ಎತ್ತಿಪೋತ ಜಲಪಾತದ ಹೆಸರೇ ತೆಲುಗಿನಲ್ಲಿ ಎತ್ತಿ ಸುರಿ ಅಂದ ಹಾಗೆ. ಗಟ್ಟಿ ಪದರದ ಅಂಚಿಗೆ ಬಂದ ಹಳ್ಳ, ಕೆಳಗಿನ ಮೆತ್ತನೆಯದು ಸವೆದು ಹೋಗಿರುವುದರಿಂದ ಧುಮುಕಲೇಬೇಕಾಗುತ್ತದೆ. ಮಳೆ ನಿಂತ ಕೆಲವು ವಾರಕ್ಕೆ ನೀರು ದಾರವಾಗುತ್ತದೆ. ಜಲಪಾತ ನೋಡಬೇಕಾದರೆ ಆಗಸ್ಟ್, ಸೆಪ್ಟೆಂಬರ್. ಆದರೆ ಕಲ್ಲು ಓದಬೇಕಾದರೆ ಜನವರಿಯೇ ವಾಸಿ. ನೀರು ಮುಚ್ಚಿದ್ದನ್ನೆಲ್ಲ ಆಗ ತೆರೆದಿಟ್ಟಿರುತ್ತದೆ. ಏಪ್ರಿಲ್, ಮೇ ಮಾತ್ರ ಬೇಡವೇ ಬೇಡ. 43 ಡಿಗ್ರಿಯಲ್ಲಿ ಕರಿಕಲ್ಲಿನ ಮೇಲೆ ನಡೆದರೆ ಆ ಲಾವಾ ಇನ್ನೂ ಆರಿಲ್ಲವೇನೋ ಅನಿಸುತ್ತದೆ.

ಒಣ ಹಳ್ಳದಲ್ಲಿ ಎರಡು ಸಂಗತಿ ಹುಡುಕಿ. ಒಂದು, ಗುಳ್ಳೆಗಳು. ಲಾವಾದ ಗಾಳಿಗುಳ್ಳೆಯೊಳಗೆ ಮುಂದೆ ನೀರು ಇಳಿದು, ಅದರಲ್ಲಿ ಕರಗಿದ್ದ ಖನಿಜ ಹರಳುಗಟ್ಟುತ್ತದೆ. ಕರಿಕಲ್ಲಿನ ಮೈಯಲ್ಲಿ ಬಿಳಿ ಚುಕ್ಕೆ ಕಂಡರೆ ಅದೇ. ಮಂಡಕ್ಕಿ ಕಾಳಿನಷ್ಟು ಇರಬಹುದು, ಹೆಬ್ಬೆರಳಿನಷ್ಟೂ ಇರಬಹುದು. ಜಿಯೋಲೈಟ್, ಕ್ಯಾಲ್ಸೈಟ್, ಅಪರೂಪಕ್ಕೆ ಪಟ್ಟೆಪಟ್ಟೆ ಅಗೇಟು. ಇನ್ನೊಂದು, ಬಂಡೆಯ ಮೈಮೇಲಿನ ಬಿರುಕಿನ ಜಾಲ. ಐದು ಮೂಲೆ, ಆರು ಮೂಲೆಯ ಆಕಾರ. ನೋಡಿದ ಕೂಡಲೇ ಬೇಸಿಗೆಯ ಎರಿ ಹೊಲ ನೆನಪಾಗುತ್ತದೆ. ನೆನಪಾಗಬೇಕಾದದ್ದೇ. ಮಣ್ಣು ಒಣಗಿ ಕುಗ್ಗಿದರೆ ಬಿರುಕು, ಲಾವಾ ತಣಿದು ಕುಗ್ಗಿದರೂ ಬಿರುಕು. ಲಾವಾದ ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋದರೆ ಕಲ್ಲು ಕಂಬ ಕಂಬವಾಗಿ ಒಡೆಯುತ್ತದೆ. ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಎಲ್ಲರೂ ನೋಡಿರುತ್ತೀರಿ. ಅದೂ ಜ್ವಾಲಾಮುಖಿ ಕಲ್ಲೇ, ಆದರೆ ನಮ್ಮದಲ್ಲ. ಅದು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು.

ಎರಿ ಮಣ್ಣಿನ ಬಗ್ಗೆ ಪ್ರತ್ಯೇಕ ಹೇಳಲೇಬೇಕು. ಯಾಕಂದರೆ ನಮ್ಮ ಊಟ ಅದರಿಂದ ಬರುತ್ತದೆ. ಕರಿಕಲ್ಲು ಪೂರ್ತಿ ಕೊಳೆತರೆ ಒಂದು ಬಗೆಯ ಜೇಡಿ ಆಗುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ಕೈ ಹೋಗುವಷ್ಟು ಬಿರುಕು. ಮೊದಲ ಮಳೆ ನೇರ ಆ ಬಿರುಕಿನ ತಳಕ್ಕೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಒಳಗೇ ಉಳಿಯುತ್ತದೆ. ಹಿಂಗಾರಿ ಜೋಳವನ್ನು ಮಳೆ ಮುಗಿಯುವ ಹೊತ್ತಿಗೆ ಬಿತ್ತಿ, ಮುಂದೆ ಹನಿ ಮಳೆ ಬೀಳದಿದ್ದರೂ ಬೆಳೆ ತೆಗೆಯುವುದು ಹಾಗೆ. ತೊಗರಿಯ ಬೇರು ಇನ್ನೂ ಆಳಕ್ಕೆ ಹೋಗಿ ಅದೇ ತೇವ ಹುಡುಕುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಈ ನೆಲದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿತು. ಬೇಳೆಯ ರುಚಿಗೆ ಕಾರಣ ಈ ಮಣ್ಣಿನಲ್ಲಿರುವ ಸುಣ್ಣ, ಪೊಟ್ಯಾಷ್ ಅನ್ನುತ್ತಾರೆ. ಒಟ್ಟಿನಲ್ಲಿ ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ ಎರಡಕ್ಕೂ ಮೂಲ ಆ ಲಾವಾನೇ.

ನಡೆಯುವವರಿಗೆ ಮಾತ್ರ ಈ ಮಣ್ಣು ವೈರಿ. ಒಂದು ಸಲ ಚಿಂಚೋಳಿ ಕಡೆ ಮಳೆ ಬಂದ ಮೇಲೆ ಅಡ್ಡದಾರಿ ಹಿಡಿದು ಹೊಲದ ಬದುವಿಗೆ ಬೈಕ್ ಇಳಿಸಿದೆ. ನೂರು ಹೆಜ್ಜೆ ಹೋಗಿರಲಿಲ್ಲ, ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಂತಿತು. ಇಳಿದು ತಳ್ಳಲು ಹೋದರೆ ಬೂಟಿಗೆ ಒಂದೊಂದು ಕಿಲೋ ಮಣ್ಣು. ಕಡ್ಡಿಯಿಂದ ಕೆರೆದು ತೆಗೆಯುವುದು, ನಾಲ್ಕು ಹೆಜ್ಜೆ ಇಡುವುದು, ಮತ್ತೆ ಕೆರೆಯುವುದು. ದೂರದಲ್ಲಿ ಕುರಿ ಕಾಯುತ್ತಿದ್ದವರು ಬಂದು, "ಸರ, ಎರ್‍ಯಾಗ ಯಾಕ ಇಳಿಸಿದ್ರಿ, ಮಡ್ಡಿ ಹಿಡದು ಹೋಗಬೇಕಿತ್ತಲ್ಲ" ಅಂದರು. ಮಡ್ಡಿ ಅಂದರೆ ಮೇಲಿನ ಗರಸಿನ ನೆಲ, ಕಲ್ಲು ಇನ್ನೂ ಪೂರ್ತಿ ಮಣ್ಣಾಗದೇ ಇರುವ ಜಾಗ. ಭೂವಿಜ್ಞಾನದ ಪುಸ್ತಕದಲ್ಲಿ ಎರಡು ಪುಟ ಹಿಡಿಯುವ ವಿಷಯವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಮತ್ತೆ ಉಕ್ಕುತ್ತದಾ?

ಈ ಪ್ರಶ್ನೆ ನಮ್ಮ ಕಡೆ ಸುಮ್ನೆ ಕೇಳುವುದಲ್ಲ, ಹೆದರಿ ಕೇಳುವುದು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಗುಡುಗಿದ ಹಾಗೆ ಸದ್ದು, ಮೇಲಿಂದ ಮೇಲೆ ಸಣ್ಣ ನಡುಕ. ಜನ ಮನೆ ಬಿಟ್ಟು ಹೊರಗೆ ಮಲಗಿದರು. ಲಾವಾ ಏಳುತ್ತಿದೆಯಂತೆ ಅನ್ನುವ ಮೆಸೇಜುಗಳೂ ನನ್ನ ಫೋನಿಗೆ ಬಂದವು. ಹಾಗೇನೂ ಇಲ್ಲ. ನಮ್ಮ ಲಾವಾದ ಒಲೆ ಈ ನೆಲದ ಕೆಳಗೆ ಇಲ್ಲವೇ ಇಲ್ಲ. ಭೂಖಂಡ ಅದನ್ನು ಹಿಂದೆ ಬಿಟ್ಟು ಉತ್ತರಕ್ಕೆ ಸರಿದು ಬಂದಿದೆ. ಒಲೆ ಈಗ ರಿಯೂನಿಯನ್ ದ್ವೀಪದ ಕೆಳಗೆ ಉರಿಯುತ್ತಿದೆ ಅನ್ನುವುದು ಬಹಳ ವಿಜ್ಞಾನಿಗಳ ಅಭಿಪ್ರಾಯ, ಅಲ್ಲಿ ಜ್ವಾಲಾಮುಖಿ ಇವತ್ತಿಗೂ ಉಕ್ಕುತ್ತದೆ. ಭಾರತದಲ್ಲಿ ಜೀವಂತ ಇರುವುದು ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಗಡಿಕೇಶ್ವಾರದ ಸದ್ದಿಗೆ ತಜ್ಞರು ಕೊಟ್ಟ ಕಾರಣ ಬೇರೆ. ಜೋರು ಮಳೆಯಾದ ವರ್ಷ ನೀರು ಬಂಡೆಯ ಬಿರುಕಿಗೆ ಇಳಿಯುತ್ತದೆ, ಒಳಗಿನ ಒತ್ತಡ ಬದಲಾಗುತ್ತದೆ, ಬಂಡೆ ಸ್ವಲ್ಪ ಸರಿದು ಕೂರುತ್ತದೆ.

ಭೂಕಂಪದ ಭಯಕ್ಕೆ ಕಾರಣ ಇದೆ ಅನ್ನುವುದು ಬೇರೆ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿ ನೆಲಸಮವಾಯಿತು. ಸುಮಾರು 10,000 ಜನ ಸತ್ತರು. ನಮ್ಮ ಬೀದರ್, ಕಲಬುರಗಿಯಲ್ಲೂ ಪಾತ್ರೆಗಳು ಉರುಳಿದವು. ಆಮೇಲೆ ಅಲ್ಲಿ ಆಳವಾಗಿ ಬೋರ್ ಕೊರೆದು ನೋಡಿದರು. ಲಾವಾದ ಕಲ್ಲು ಸುಮಾರು 340 ಮೀಟರಿಗೇ ಮುಗಿಯಿತು. ಅದರ ಕೆಳಗೆ ಹಳೇ ಗಟ್ಟಿ ಬಂಡೆ. ಪಶ್ಚಿಮ ಘಟ್ಟದ ಕಡೆ ಇದೇ ರಾಶಿ 2 ಕಿಲೋಮೀಟರಿಗೂ ದಪ್ಪ. ಅಂದರೆ ನಾವಿರುವುದು ಈ ಹೊದಿಕೆಯ ಅಂಚಿನಲ್ಲಿ. ಭೂಕಂಪ ಹುಟ್ಟಿದ್ದು ಹೊದಿಕೆಯಿಂದಲ್ಲ, ಕೆಳಗಿನ ಬಂಡೆಯಿಂದ. ಭಾರತ ಇನ್ನೂ ಹಿಮಾಲಯದ ಕಡೆ ಒತ್ತುತ್ತಲೇ ಇದೆ, ಆ ಒತ್ತಡ ಎಲ್ಲೋ ಒಂದು ಕಡೆ ಬಿಡುಗಡೆಯಾಗುತ್ತದೆ.

ಹೊದಿಕೆ ಮುಗಿಯುವ ಕಡೆ

ಆ ಹಳೇ ಬಂಡೆ ನೋಡಬೇಕಾದರೆ ಬೋರ್ ಬೇಡ. ಕಲಬುರಗಿಯಲ್ಲಿ ಯಾದಗಿರಿ ಕಡೆಯ ಪ್ಯಾಸೆಂಜರ್ ಹತ್ತಿ ಕಿಟಕಿ ಪಕ್ಕ ಕೂತರೆ ಸಾಕು. ಶಹಾಬಾದ್ ಬರುವಷ್ಟರಲ್ಲಿ ಕರಿ ಹೋಗಿ ಬೂದಿ ಬಣ್ಣ ಬರುತ್ತದೆ. ಮನೆಗಳ ಗೋಡೆಯೂ ಹಾಸುಗಲ್ಲು, ಮಾಳಿಗೆಯೂ ಹಾಸುಗಲ್ಲು, ಹೊಲದ ಬೇಲಿಯೂ ನಿಲ್ಲಿಸಿದ ಹಾಸುಗಲ್ಲೇ. ಇದೇ ನಮ್ಮ ಪರ್ಸಿ. ಅರ್ಧ ದೇಶದ ಅಡುಗೆಮನೆಗೆ ಹೋಗಿರುವ ಶಹಾಬಾದ್ ಕಲ್ಲು. ಇದು ಲಾವಾ ಅಲ್ಲ. ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ಪ್ರಾಣಿಗಳಿಗೆ ಚಿಪ್ಪು ಅನ್ನುವುದು ಹುಟ್ಟುವುದಕ್ಕೂ ಮುಂಚಿನ ಸಮುದ್ರ, ಹಾಗಾಗಿ ಎಷ್ಟು ಹುಡುಕಿದರೂ ಇದರಲ್ಲಿ ಶಂಖ ಸಿಗುವುದಿಲ್ಲ. ಸುಣ್ಣದ ಕಲ್ಲು ಹೌದೋ ಅಲ್ಲವೋ ಅನ್ನುವ ಪರೀಕ್ಷೆಯನ್ನು ನಮ್ಮ ಮನೆಗಳಲ್ಲಿ ಗೊತ್ತಿಲ್ಲದೇ ಮಾಡಿದ್ದೇವೆ. ಪರ್ಸಿ ಮೇಲೆ ನಿಂಬೆಹಣ್ಣಿನ ರಸ ಬಿದ್ದರೆ ಎಷ್ಟು ತಿಕ್ಕಿದರೂ ಹೋಗದ ಬಿಳಿ ಕಲೆ ಉಳಿಯುತ್ತದೆ. ಅದು ಕಲೆ ಅಲ್ಲ, ಹುಳಿ ತಿಂದ ಗಾಯ.

ಈ ಕಲ್ಲಿಗೆ ಮನುಷ್ಯ ಕೈ ಹಾಕಿದ್ದು ಇಂದು ನೆನ್ನೆಯಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಕಡೆ ಇಸಾಂಪುರ ಅನ್ನುವ ಊರಿದೆ. ಅಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಆದಿಮಾನವರ ಕಲ್ಲು ಕಾರ್ಖಾನೆಯೇ ಸಿಕ್ಕಿತು. ನೆಲದಿಂದ ತಾನಾಗಿ ಎದ್ದ ಸುಣ್ಣಕಲ್ಲಿನ ಹಾಳೆಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಭೀಮಾ ದಂಡೆಯ ಬೌದ್ಧ ಸ್ತೂಪದ ಕೆತ್ತನೆಗಳೂ ಸುಣ್ಣಕಲ್ಲೇ. ಅದರಲ್ಲೊಂದರ ಮೇಲೆ ರಾಜ, ರಾಣಿ, ಪರಿವಾರ, ಜೊತೆಗೆ ಬ್ರಾಹ್ಮಿಯಲ್ಲಿ ಅಶೋಕನ ಹೆಸರು. ಹೆಸರು ಬರೆದ ಅಶೋಕನ ಚಿತ್ರ ನಮಗೆ ಸಿಕ್ಕಿದ್ದು ಇಂಥ ಒಂದು ಪರ್ಸಿಯ ಮೇಲೆ.

ವಾಡಿ ದಾಟಿ, ನಾಲವಾರ ದಾಟಿ ಯಾದಗಿರಿ ಬರುವ ಹೊತ್ತಿಗೆ ಮತ್ತೆ ಕಿಟಕಿ ಬದಲಾಗುತ್ತದೆ. ಈಗ ಗುಂಡುಕಲ್ಲು. ಗುಡ್ಡದ ಮೇಲೆ ಒಂದರ ಮೇಲೊಂದು ಇಟ್ಟ ಹಾಗೆ, ಬಿದ್ದೇ ಹೋಗುತ್ತದೇನೋ ಅನ್ನುವ ಹಾಗೆ. ಗ್ರಾನೈಟ್. 250 ಕೋಟಿ ವರ್ಷದಷ್ಟು ಹಳೆಯದು. ಇದೂ ಒಂದು ಕಾಲಕ್ಕೆ ಕರಗಿದ ಕಲ್ಲೇ, ಆದರೆ ಹೊರಗೆ ಉಕ್ಕಲಿಲ್ಲ. ನೆಲದ ಆಳದಲ್ಲೇ ನಿಧಾನಕ್ಕೆ ತಣಿಯಿತು. ನಿಧಾನಕ್ಕೆ ತಣಿದದ್ದರಿಂದ ಹರಳು ದೊಡ್ಡವಾದವು, ಕಣ್ಣಿಗೇ ಕಾಣುತ್ತವೆ. ಗುಲಾಬಿ, ಬಿಳಿ, ಕರಿ. ಬೇಗ ತಣಿದ ಕರಿಕಲ್ಲಿನಲ್ಲಿ ಹರಳು ಕಾಣಲು ಭೂತಗನ್ನಡಿ ಬೇಕು. ಶಹಾಪುರಕ್ಕೆ ಹೋದರೆ ಇದೇ ಕಲ್ಲಿನ ಗುಡ್ಡಗಳು ದೂರದಿಂದ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತವೆ. ಹಣೆ, ಮೂಗು, ಗದ್ದ ಎಲ್ಲ ಸರಿಯಾಗಿ.

ನಾವು ಯಾದಗಿರಿ ಕೋಟೆ ಹತ್ತಿದ್ದು ಸಂಜೆ ನಾಲ್ಕಕ್ಕೆ. ಊರಿನ ನಡುವಿನಿಂದಲೇ ದಾರಿ. ಬಂಡೆಗಳ ಸಂದಿಯಲ್ಲಿ ಮೆಟ್ಟಿಲು, ಬಾಗಿಲು, ಮತ್ತೆ ಮೆಟ್ಟಿಲು. ಮೇಲೆ ಬಂಡೆಯ ತಗ್ಗಿನಲ್ಲಿ ಹಸಿರು ನೀರು ನಿಂತಿತ್ತು. ಗ್ರಾನೈಟ್ ನೀರು ಕುಡಿಯುವುದಿಲ್ಲ, ಬಟ್ಟಲ ಹಾಗೆ ಹಿಡಿದಿಡುತ್ತದೆ. ಕೋಟೆಯವರಿಗೆ ಬೇಕಿದ್ದದ್ದೂ ಅದೇ. ಬೀದರ್‌ನಲ್ಲಿ ನೀರಿಗಾಗಿ ಕಲ್ಲಿನೊಳಗೆ ಇಳಿಯಬೇಕು, ಇಲ್ಲಿ ಕಲ್ಲಿನ ಮೇಲೆ ಹತ್ತಬೇಕು.

ಹುಡುಗ ಒಂದು ಬಂಡೆಯ ಮೇಲೆ ಕೂತು ಬೂಟು ಬಿಚ್ಚಿದ. ಅಟ್ಟೆಯ ಗೆರೆಗಳಲ್ಲಿ ಚಿಂಚೋಳಿಯ ಎರಿ ಮಣ್ಣು ಒಣಗಿ ಕಲ್ಲಾಗಿತ್ತು. ಕಡ್ಡಿಯಿಂದ ಒಂದೊಂದೇ ಗೆರೆ ಕೆರೆದ. ಕರಿ ಚಕ್ಕೆಗಳು ಗುಲಾಬಿ ಬಂಡೆಯ ಮೇಲೆ ಉದುರಿದವು. ಆಮೇಲೆ ಚೀಲದಿಂದ ಅಯಸ್ಕಾಂತ ತೆಗೆದು, ಪ್ಲಾಸ್ಟಿಕ್ ಸುತ್ತಿ, ಆ ಚಕ್ಕೆಗಳನ್ನು ಪುಡಿ ಮಾಡಿ ಅದರ ಮೇಲೆ ಆಡಿಸಿದ.

"ಬಂತು ಮಾಮಾ" ಅಂದ.